ಕಡಲ ಬದಿಯಲ್ಲಿ ಐದು ಸೆಂಟ್ಸ್ ಜಾಗ: ಅಡ್ವಾನ್ಸ್ ಕೊಡುವ ಮೊದಲು

(ಈ ತಿಂಗಳ ಸಂಘದ ಸಭೆಗೆ ಪಾಠ)



ಹೋದ ತಿಂಗಳು ಉಳಿತಾಯದ ಬಗ್ಗೆ ಮಾತಾಡಿದೆವು. ಉಳಿತಾಯ ಮಾಡಿದ ಹಣದಿಂದ ಏನು ಮಾಡಬೇಕೆಂದು ಕೇಳಿದಾಗ ಹೆಚ್ಚಿನ ಸಂಘಗಳಲ್ಲಿ ಒಂದೇ ಉತ್ತರ ಬಂತು: "ಸಿಸ್ಟರ್, ಒಂದು ಐದು ಸೆಂಟ್ಸ್ ಜಾಗ ಆಗಬೇಕು." ಬಾಡಿಗೆ ಮನೆಯಲ್ಲಿ ಇರುವವರಿಗೆ, ಪಾಲಾಗದ ಕುಟುಂಬದ ಮನೆಯಲ್ಲಿ ಒಂದು ಕೋಣೆಯಲ್ಲಿ ಇರುವವರಿಗೆ ಇದು ದೊಡ್ಡ ಆಸೆ. ತಪ್ಪಲ್ಲ, ಒಳ್ಳೆಯ ಆಸೆಯೇ. ಆದರೆ ನಮ್ಮ ಹೆಂಗಸರು ಇಪ್ಪತ್ತು ವರ್ಷ ಬೀಡಿ ಕಟ್ಟಿ ಉಳಿಸಿದ ಹಣ ಒಂದೇ ದಿನದ ಅಡ್ವಾನ್ಸಿನಲ್ಲಿ ಕೈಬಿಟ್ಟು ಹೋಗುವುದನ್ನೂ ನಾನು ನೋಡಿದ್ದೇನೆ. ಅದಕ್ಕಾಗಿ ಈ ಪಾಠ.

ಒಂದು ನಡೆದ ಸಂಗತಿ

ನಮ್ಮ ಒಂದು ಸಂಘದ ಸದಸ್ಯೆ. ಗಂಡ ಡ್ರೈವರ್, ಮಗನಿಗೆ ಮಂಗಳೂರಿನಲ್ಲಿ ಕೆಲಸ. ತೊಕ್ಕೊಟ್ಟಿನ ಹತ್ತಿರ ಬಾಡಿಗೆ ಮನೆ. ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಕೊಣಾಜೆಯ ವಿಶ್ವವಿದ್ಯಾನಿಲಯ, ಪೇಟೆಯ ಕೆಲಸ ಎಂದು ಆ ಕಡೆಗೆ ಜನ ಬಂದು ಬಾಡಿಗೆ ಏರುತ್ತಲೇ ಇತ್ತು. ಆಗ ಒಬ್ಬ ಬ್ರೋಕರ್ ಬಂದ. ನೇತ್ರಾವತಿ ಸಂಕದ ಆಚೆ, ಕಡಲ ಬದಿಯ ಒಂದು ಗ್ರಾಮದಲ್ಲಿ ಐದು ಸೆಂಟ್ಸ್. ಹೈವೇ ಹತ್ತಿರದ ಬೆಲೆಯ ಮೂರನೇ ಒಂದು ಪಾಲಿಗೆ ಸಿಗುತ್ತದೆ ಎಂದ.

ಡಿಸೆಂಬರ್ ತಿಂಗಳ ಒಂದು ಸಂಜೆ ಇವರು ಹೋಗಿ ನೋಡಿದರು. ತೆಂಗಿನ ಮರ, ತಂಪು ಗಾಳಿ, ಗಲಾಟೆ ಇಲ್ಲ. "ಸಿಸ್ಟರ್, ಜಾಗ ಭಾರೀ ಚಂದ ಉಂಟು. ರಾತ್ರಿ ಕಡಲಿನ ಸ್ವರ ಬಿಟ್ಟರೆ ಬೇರೆ ಸ್ವರ ಇಲ್ಲ," ಎಂದು ನನ್ನ ಹತ್ತಿರ ಹೇಳಿದರು. ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟರು. ಅದರಲ್ಲಿ 50 ಸಾವಿರ ಸಂಘದ ಸಾಲ, ಉಳಿದದ್ದು ಕರಿಮಣಿ ಬಿಟ್ಟು ಇದ್ದ ಚಿನ್ನ ಅಡವಿಟ್ಟದ್ದು. ಛಾಪಾಕಾಗದದಲ್ಲಿ ಒಂದು ಕರಾರು ಬರೆದು, ಎರಡು ಸಾಕ್ಷಿ ಸಹಿ ಹಾಕಿಸಿದರು.

ಜೂನ್‌ನಲ್ಲಿ ಮಳೆ ಹಿಡಿದಾಗ ಹೋಗಿ ನೋಡಿದರೆ ಜಾಗದ ಪಡುಬದಿಯ ಎರಡು ತೆಂಗಿನ ಮರ ಇರಲಿಲ್ಲ. ಕಡಲು ತೆಗೆದುಕೊಂಡು ಹೋಗಿತ್ತು. ಆಮೇಲೆ ಕಾಗದ ತೆಗೆಸಿ ನೋಡಿದರೆ ಐದು ಸೆಂಟ್ಸಿನಲ್ಲಿ ಮೂರು ಸೆಂಟ್ಸ್ ಮಾತ್ರ ಮಾರುವವರ ಹೆಸರಿನಲ್ಲಿತ್ತು, ಉಳಿದದ್ದು ಸರಕಾರಿ ಪರಂಬೋಕು. ಆ ಮೂರು ಸೆಂಟ್ಸಿನಲ್ಲಿಯೂ ಮನೆ ಕಟ್ಟಲು ಲೈಸೆನ್ಸ್ ಕೊಡಲಾಗುವುದಿಲ್ಲ ಎಂದು ಪಂಚಾಯತಿನಲ್ಲಿ ಹೇಳಿದರು. ಎರಡು ವರ್ಷ ಅಲೆದು, ತುಂಡು ತುಂಡಾಗಿ 60 ಸಾವಿರ ಹಿಂದೆ ಬಂತು. 90 ಸಾವಿರ ಹೋಯಿತು. ಆದರೂ ಆಕೆ ಸಂಘದ ಸಾಲದ ಒಂದು ಕಂತನ್ನೂ ತಪ್ಪಿಸಲಿಲ್ಲ.

ಆ ಸಾಲದ ಅರ್ಜಿ ಬಂದಾಗ "ಕೊಡಬಹುದು" ಎಂದು ಹೇಳಿದವಳು ನಾನೇ. ಸಂಘದ ಲೆಕ್ಕ ಪುಸ್ತಕ ನೋಡಿದೆ, ಮರುಪಾವತಿ ಸರಿ ಉಂಟೆಂದು ನೋಡಿದೆ. ಆದರೆ "ಪಹಣಿ ಎಲ್ಲಿ?" ಎಂದು ಒಂದು ಮಾತು ಕೇಳಲಿಲ್ಲ. ಓದಿದವಳು ನಾನು, ಕೇಳಬೇಕಾಗಿತ್ತು. ಅಂದಿನಿಂದ ಜಾಗಕ್ಕೆ ಸಾಲ ಎಂದು ಯಾರು ಬಂದರೂ ಮೊದಲು ಕಾಗದ, ಆಮೇಲೆ ಮಾತು.

ಪಾಠ ಒಂದು: ಕಡಿಮೆ ಬೆಲೆಗೆ ಕಾರಣ ಕೇಳಿ

ಮಾರುಕಟ್ಟೆಯಲ್ಲಿ ಬಂಗುಡೆ ಅರ್ಧ ಕ್ರಯಕ್ಕೆ ಕೊಟ್ಟರೆ ನಾವು ಏನು ಮಾಡುತ್ತೇವೆ? ಕಿವಿರು ಎತ್ತಿ ನೋಡುತ್ತೇವೆ. ನೂರು ರೂಪಾಯಿಯ ಮೀನಿಗೆ ಅಷ್ಟು ಜಾಗ್ರತೆ ಮಾಡುವವರು ಹತ್ತು ಲಕ್ಷದ ಜಾಗಕ್ಕೆ ಕಿವಿರು ಎತ್ತಿ ನೋಡುವುದಿಲ್ಲ. ಪಕ್ಕದ ಜಾಗಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ ಎಂದಾದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ಕಡಲ ಬದಿಯಲ್ಲಿ ಆ ಕಾರಣ ಹೆಚ್ಚಾಗಿ ನಾಲ್ಕರಲ್ಲಿ ಒಂದು: ಕಡಲ್ಕೊರೆತ, ಕಟ್ಟಲು ಅನುಮತಿ ಇಲ್ಲದಿರುವುದು, ಉಪ್ಪುನೀರು, ಇಲ್ಲವೇ ಕಾಗದದ ತಕರಾರು. ಒಂದೊಂದಾಗಿ ನೋಡುವ.

ಪಾಠ ಎರಡು: ಜಾಗವನ್ನು ಆಟಿಯಲ್ಲಿ ನೋಡಿ

ಡಿಸೆಂಬರಿನ ಕಡಲು ಮದುಮಗಳ ಹಾಗೆ. ಆಟಿಯ ಕಡಲನ್ನು ನೋಡದೆ ಜಾಗ ತೆಗೆದುಕೊಳ್ಳಬಾರದು. ನಮ್ಮ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗುತ್ತವೆ, ಮಳೆಗಾಲದ ನಂತರ ಸ್ವಲ್ಪ ಸ್ವಲ್ಪವಾಗಿ ಹಿಂದೆ ತಂದು ಹಾಕುತ್ತವೆ. ತೆಗೆದುಕೊಂಡು ಹೋದಷ್ಟು ಮರಳು ಹಿಂದೆ ಬಾರದಿದ್ದರೆ ದಡ ವರ್ಷದಿಂದ ವರ್ಷಕ್ಕೆ ಒಳಗೆ ಬರುತ್ತದೆ. ಇದೇ ಕಡಲ್ಕೊರೆತ.

ಕಡಲಿನ ಮರಳು ದಡದ ಉದ್ದಕ್ಕೂ ಚಲಿಸುತ್ತಾ ಇರುತ್ತದೆ. ಅಳಿವೆಯ ಬಾಯಿಯಲ್ಲಿ ಕಲ್ಲಿನ ಉದ್ದ ಗೋಡೆ ಕಟ್ಟಿದರೆ, ಒಂದು ಕಡೆ ಮರಳು ನಿಲ್ಲುತ್ತದೆ, ಇನ್ನೊಂದು ಕಡೆಗೆ ಮರಳು ಬರುವುದು ಕಡಿಮೆಯಾಗುತ್ತದೆ. ಉಳ್ಳಾಲದ ಕಡಲ ಬದಿಯವರು ಈ ಕಷ್ಟವನ್ನು ಬಹಳ ವರ್ಷಗಳಿಂದ ಉಂಡವರು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ, 2010ರ ನಂತರ, ಉಳ್ಳಾಲದಲ್ಲಿ ಕಡಲೊಳಗೆ ಅಲೆಯ ರಭಸ ತಡೆಯುವ ಕಲ್ಲಿನ ದಿಬ್ಬಗಳನ್ನು ಹಾಕಿದರು, ಅಳಿವೆಯ ಗೋಡೆಗಳನ್ನು ಸರಿಪಡಿಸಿದರು. ಕೆಲವು ಕಡೆ ಅನುಕೂಲ ಆಯಿತು. ಆದರೆ ಅದರ ದಕ್ಷಿಣಕ್ಕೆ ಸೋಮೇಶ್ವರ, ಉಚ್ಚಿಲ, ಬಟ್ಟಪಾಡಿಯವರು ತಮ್ಮ ಕಡೆ ಕೊರೆತ ಹೆಚ್ಚಾಯಿತು ಎನ್ನುತ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮಳೆಗಾಲ ಶುರು ಆಗುವ ಮೊದಲೇ ಈ ದಡದಲ್ಲಿ ಮನೆ, ರಸ್ತೆ, ತೆಂಗಿನ ಮರ ಹೋದವು.

ಆದ್ದರಿಂದ ಹೀಗೆ ಮಾಡಿ:

– ಜಾಗವನ್ನು ಎರಡು ಸಲ ನೋಡಿ. ಒಮ್ಮೆ ಆಟಿಯ ಮಳೆಗೆ, ಒಮ್ಮೆ ಏಪ್ರಿಲ್–ಮೇ ಬಿಸಿಲಿಗೆ. ಮಳೆಗೆ ನೋಡಿದರೆ ಕಡಲೂ ನೆರೆನೀರೂ ಗೊತ್ತಾಗುತ್ತದೆ, ಬಿಸಿಲಿಗೆ ನೋಡಿದರೆ ಬಾವಿ ಗೊತ್ತಾಗುತ್ತದೆ.

– ಬ್ರೋಕರ್ ಇಲ್ಲದೆ ಹೋಗಿ. ನೆರೆಮನೆಯ ಪ್ರಾಯದ ಹೆಂಗಸರ ಹತ್ತಿರ ಕೂತು ಕೇಳಿ: "ನೀವು ಮದುವೆಯಾಗಿ ಬಂದಾಗ ಕಡಲು ಎಲ್ಲಿತ್ತು?" ಅವರು ಕೈ ತೋರಿಸುವ ಜಾಗದಿಂದ ಈಗಿನ ದಡದವರೆಗೆ ನಡೆದು ಹೆಜ್ಜೆ ಎಣಿಸಿ.

– ದಡಕ್ಕೆ ಕಲ್ಲು ಹಾಕಿದ್ದಾರೆ ಎಂದರೆ ಸಮಾಧಾನ ಪಡಬೇಡಿ. ಕಲ್ಲು ಹಾಕಿದ್ದು ಕೊರೆತ ಇದ್ದ ಕಾರಣವೇ.

ಪಾಠ ಮೂರು: ಕಡಲಿನಿಂದ ಎಷ್ಟು ದೂರ? ಸಿಆರ್‌ಝಡ್ ಎಂದರೇನು?

ಕರಾವಳಿ ನಿಯಂತ್ರಣ ವಲಯವನ್ನು ಜನ ಸಿಆರ್‌ಝಡ್ ಎನ್ನುತ್ತಾರೆ. ಕೇಂದ್ರ ಸರಕಾರ 1991ರಲ್ಲಿ ಮೊದಲು ಈ ನಿಯಮ ತಂದಿತು. 2011ರಲ್ಲಿ ಬದಲಾಯಿಸಿತು, 2019ರಲ್ಲಿ ಮತ್ತೆ ಬದಲಾಯಿಸಿತು. ಅಳತೆ ಶುರುವಾಗುವುದು ಉಬ್ಬರದ ರೇಖೆಯಿಂದ, ಅಂದರೆ ದೊಡ್ಡ ಉಬ್ಬರದಲ್ಲಿ ನೀರು ಏರುವ ಗಡಿಯಿಂದ. ಅಲ್ಲಿಂದ 500 ಮೀಟರ್ ಒಳಗಿನ ಜಾಗದಲ್ಲಿ ಕಟ್ಟುವುದಕ್ಕೆ ಈ ನಿಯಮ ಅನ್ವಯ.

ಗ್ರಾಮ ಪ್ರದೇಶದಲ್ಲಿ ಉಬ್ಬರದ ರೇಖೆಗೆ ತೀರಾ ಹತ್ತಿರದ ಭಾಗವನ್ನು 'ಅಭಿವೃದ್ಧಿ ನಿಷೇಧ ವಲಯ' ಎಂದು ಇಟ್ಟಿದ್ದಾರೆ. 2019ರ ನಿಯಮದಂತೆ, 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವ ಕಡೆ ಇದು 50 ಮೀಟರ್, ಜನ ಕಡಿಮೆ ಇರುವ ಕಡೆ 200 ಮೀಟರ್. ಮೊದಲಿನಿಂದ ಅಲ್ಲೇ ಇರುವ ಮೀನುಗಾರ ಕುಟುಂಬಗಳಿಗೆ ಅವರ ವಾಸದ ಮನೆಗಾಗಿ ಕೆಲವು ರಿಯಾಯಿತಿ ಉಂಟು. ಹೊರಗಿನಿಂದ ಜಾಗ ತೆಗೆದುಕೊಂಡು ಹೋಗುವ ನಮಗೆ ಆ ರಿಯಾಯಿತಿ ಸಿಗುವುದಿಲ್ಲ. ನಗರಸಭೆ, ಪುರಸಭೆಯ ಒಳಗಿನ, ಈಗಾಗಲೇ ಮನೆಗಳು ತುಂಬಿದ ಪ್ರದೇಶಕ್ಕೆ ಬೇರೆ ನಿಯಮ. ಅಲ್ಲಿ ಮೊದಲಿನಿಂದ ಇರುವ ರಸ್ತೆ ಅಥವಾ ಅನುಮತಿ ಪಡೆದ ಕಟ್ಟಡಗಳಿಂದ ಕಡಲಿನ ಕಡೆಗೆ ಅಲ್ಲ, ಭೂಮಿಯ ಕಡೆಗೆ ಇರುವ ಜಾಗದಲ್ಲಿ ಮಾತ್ರ ಕಟ್ಟಲು ಅವಕಾಶ.

ಇನ್ನೊಂದು ಮಾತು. ಕಡಲು ಕಾಣದಿದ್ದರೂ ಈ ನಿಯಮ ಬರಬಹುದು. ಉಬ್ಬರದ ನೀರು ಏರಿ ಬರುವ ಹೊಳೆಯ ಬದಿಗೂ ಇದು ಅನ್ವಯ. "ಇದು ಕಡಲಲ್ಲ, ಹೊಳೆ ಬದಿ, ಏನೂ ತೊಂದರೆ ಇಲ್ಲ" ಎಂದು ಹೇಳಿದರೆ ನಂಬಬೇಡಿ.

ಗೊತ್ತು ಮಾಡಿಕೊಳ್ಳುವುದು ಹೇಗೆ? ಸರ್ವೆ ನಂಬ್ರ ಬರೆದುಕೊಂಡು ಪಂಚಾಯತಿ ಅಥವಾ ಪುರಸಭೆಗೆ ಹೋಗಿ, "ಈ ನಂಬ್ರ ಸಿಆರ್‌ಝಡ್‌ನಲ್ಲಿ ಬರುತ್ತದಾ, ಮನೆ ಕಟ್ಟಲು ಲೈಸೆನ್ಸ್ ಸಿಗುತ್ತದಾ?" ಎಂದು ಬರವಣಿಗೆಯಲ್ಲಿ ಅರ್ಜಿ ಕೊಡಿ. ಬರವಣಿಗೆಯಲ್ಲೇ ಉತ್ತರ ಕೇಳಿ. ಕರಾವಳಿಯ ನಕ್ಷೆಗಳು ಜಿಲ್ಲೆಯಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ ಇರುತ್ತವೆ. ಒಬ್ಬರೇ ಹೋಗಲು ಹೆದರಿಕೆಯಾದರೆ ಸಂಘದ ಇಬ್ಬರು ಜೊತೆಗೆ ಹೋಗಿ.

ಪಾಠ ನಾಲ್ಕು: ಬಾವಿಯ ನೀರು ಕುಡಿದು ನೋಡಿ

ಕಡಲ ಬದಿಯ ಮರಳು ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ಕೂತಿರುತ್ತದೆ, ನೀರಿನ ಮೇಲೆ ಎಣ್ಣೆ ಕೂತ ಹಾಗೆ. ಮೇಲಿನ ಸಿಹಿನೀರನ್ನು ಪಂಪು ಹಾಕಿ ಎಳೆದಷ್ಟೂ ಕೆಳಗಿನ ಉಪ್ಪುನೀರು ಮೇಲೆ ಬರುತ್ತದೆ. ಅದಕ್ಕೇ ಆಳವಿಲ್ಲದ ಬಾವಿ ಸಿಹಿಯಾಗಿದ್ದು, ಅದರ ಪಕ್ಕದ ಆಳದ ಬೋರ್‌ವೆಲ್ ಉಪ್ಪಾಗಿರಬಹುದು. ಹತ್ತಿರದಲ್ಲಿ ದೊಡ್ಡ ಫ್ಲಾಟು ಬಂದು ದಿನವಿಡೀ ನೀರು ಎಳೆದರೆ ನಮ್ಮ ಬಾವಿಯೂ ಕೆಡುತ್ತದೆ.

ಮೇ ತಿಂಗಳಲ್ಲಿ ಅಕ್ಕಪಕ್ಕದ ಮೂರು ಮನೆಯ ಬಾವಿ ನೀರು ಕುಡಿದು ನೋಡಿ. ಅಕ್ಕಿ ಬೇಯುತ್ತದಾ, ಸೋಪು ನೊರೆ ಬರುತ್ತದಾ ಎಂದು ಕೇಳಿ. ನಳ್ಳಿ ನೀರು ಇದ್ದರೆ ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದು ಕೇಳಿ.

ಐದು ಸೆಂಟ್ಸ್ ಎಂದರೆ 2178 ಚದರ ಅಡಿ. ಚೌಕಾಕಾರವಾಗಿದ್ದರೆ ಒಂದು ಬದಿ 47 ಅಡಿಯೂ ಇಲ್ಲ. ಬಾವಿಗೂ ಕಕ್ಕಸು ಗುಂಡಿಗೂ ಕನಿಷ್ಠ 50 ಅಡಿ ದೂರ ಇರುವುದು ಒಳ್ಳೆಯದು, ಮರಳು ನೆಲದಲ್ಲಂತೂ ಇನ್ನೂ ಜಾಗ್ರತೆ ಬೇಕು. ಈಗ ನೀವೇ ಲೆಕ್ಕ ಹಾಕಿ: ನಮ್ಮ ಬಾವಿ, ನಮ್ಮ ಗುಂಡಿ, ಎಡಬದಿಯವರ ಗುಂಡಿ, ಬಲಬದಿಯವರ ಗುಂಡಿ. ಐದೈದು ಸೆಂಟ್ಸಿನ ಸೈಟುಗಳ ಸಾಲಿನಲ್ಲಿ ಬಾವಿ ತೋಡಲು ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಸಾರ್ವಜನಿಕ ನೀರಿನ ಸಂಪರ್ಕ ಇದೆಯಾ ಎಂದು ಮೊದಲೇ ನೋಡಬೇಕು.

ಮಳೆನೀರನ್ನು ಮರೆಯಬೇಡಿ. 1000 ಚದರ ಅಡಿ ಮಾಡಿನ ಮೇಲೆ ನಮ್ಮ ಕಡೆ ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಅದನ್ನು ಸೋಸಿ ಬಾವಿಗೆ ಬಿಟ್ಟರೆ ಸಿಹಿನೀರಿನ ಪದರ ದಪ್ಪವಾಗುತ್ತದೆ.

ಪಾಠ ಐದು: ಆರು ಕಾಗದ ನೋಡದೆ ಅಡ್ವಾನ್ಸ್ ಇಲ್ಲ

1. ಪಹಣಿ (ಆರ್‌ಟಿಸಿ). ಇದು ಜಾಗದ ಜಾತಕ. 9ನೇ ಕಾಲಂನಲ್ಲಿ ಮಾಲಕರ ಹೆಸರು ಇರುತ್ತದೆ. 11ನೇ ಕಾಲಂನಲ್ಲಿ ಸಾಲ, ಕೋರ್ಟಿನ ತಡೆ, ಬೇರೆಯವರ ಹಕ್ಕು ಇದ್ದರೆ ಬರೆದಿರುತ್ತದೆ. ಮಾರುವವರ ಹೆಸರು ಮತ್ತು 9ನೇ ಕಾಲಂನ ಹೆಸರು ಒಂದೇ ಇರಬೇಕು. "ಅಣ್ಣನ ಹೆಸರಲ್ಲಿ ಉಂಟು, ಅವರು ಮುಂಬಯಿಯಲ್ಲಿ, ನಾನೇ ನೋಡಿಕೊಳ್ಳುವುದು" ಎಂದರೆ ಅಲ್ಲಿಗೇ ನಿಲ್ಲಿಸಿ.

2. ಮೂಲ ದಾಖಲೆ. ಈಗಿನವರಿಗೆ ಜಾಗ ಎಲ್ಲಿಂದ ಬಂತು? ಕ್ರಯಕ್ಕೆ ಬಂದದ್ದಾ, ಪಾಲಿಗೆ ಬಂದದ್ದಾ, ಡಿಕ್ಲರೇಶನ್‌ನಲ್ಲಿ ಬಂದದ್ದಾ, ದರ್ಖಾಸ್ತಿನಲ್ಲಿ ಮಂಜೂರಾದದ್ದಾ? ಮಂಜೂರಾದ ಜಾಗವಾದರೆ ಮಾರಬಾರದು ಎಂಬ ಷರತ್ತು ಇರಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಾಗವನ್ನು ಸರಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ಕ್ರಯ ಊರ್ಜಿತವಲ್ಲ. ಅವರ ಜಾಗ ಅವರಿಗೇ ಹಿಂದೆ ಹೋಗುತ್ತದೆ, ಅದು ನ್ಯಾಯವೂ ಹೌದು.

3. ಋಣಭಾರ ಪತ್ರ (ಇಸಿ). ಜಾಗದ ಮೇಲೆ ನೋಂದಣಿಯಾದ ಅಡವು, ಮಾರಾಟ ಇದರಲ್ಲಿ ಕಾಣುತ್ತದೆ. ಕಡಿಮೆಯೆಂದರೆ 30 ವರ್ಷದ್ದು ತೆಗೆಸಿ. ನೋಂದಣಿ ಆಗದ ಕೈಕಾಗದದ ಕರಾರು ಇದರಲ್ಲಿ ಕಾಣುವುದಿಲ್ಲ, ಅದನ್ನು ಊರಿನಲ್ಲಿಯೇ ವಿಚಾರಿಸಬೇಕು.

4. ಕನ್ವರ್ಷನ್ ಆದೇಶ. ಕೃಷಿ ಜಾಗದಲ್ಲಿ ಮನೆ ಕಟ್ಟಲು ಭೂಪರಿವರ್ತನೆ ಆಗಿರಬೇಕು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಾಗ ಕೊಳ್ಳಬಹುದು. ಇದನ್ನೇ ಹಿಡಿದು "ಈಗ ಎಲ್ಲರೂ ತೆಗೆದುಕೊಳ್ಳಬಹುದು" ಎನ್ನುತ್ತಾರೆ. ತೆಗೆದುಕೊಳ್ಳುವುದು ಬೇರೆ, ಅದರಲ್ಲಿ ಮನೆ ಕಟ್ಟುವುದು ಬೇರೆ.

5. ನೈನ್–ಇಲೆವನ್ ಅಥವಾ ಖಾತೆ. ಪಂಚಾಯತಿನಲ್ಲಿ ನಮೂನೆ 9 ಮತ್ತು 11ಎ, ನಗರಸಭೆ, ಪುರಸಭೆಯಲ್ಲಿ ಇ–ಖಾತೆ. ಇದಿಲ್ಲದೆ ರಿಜಿಸ್ಟ್ರೇಶನ್ನೂ ಆಗುವುದಿಲ್ಲ, ಮನೆ ಲೈಸೆನ್ಸೂ ಸಿಗುವುದಿಲ್ಲ. "ನೈನ್–ಇಲೆವನ್ ಮತ್ತೆ ಮಾಡಿಸಿ ಕೊಡುತ್ತೇನೆ" ಎಂಬ ಮಾತಿಗೆ ಹಣ ಕೊಡಬೇಡಿ. ಮಾಡಿಸಿ ಕೊಟ್ಟ ಮೇಲೆ ಕೊಡಿ.

6. ಸರ್ವೆ ನಕ್ಷೆ. ದೊಡ್ಡ ಜಾಗದಿಂದ ತುಂಡು ಮಾಡಿ ಕೊಡುವುದಾದರೆ ಅಳತೆಯ ನಕ್ಷೆ ಬೇಕು. ಅಡ್ವಾನ್ಸಿಗೆ ಮೊದಲೇ ಸರ್ವೆಯವರನ್ನು ಕರೆಸಿ ಅಳೆದು ಗಡಿಕಲ್ಲು ನೋಡಿ. ನಮ್ಮ ಆ ಸದಸ್ಯೆ ಇದೊಂದು ಮಾಡಿದ್ದರೆ ಪರಂಬೋಕು ಅಂದೇ ಗೊತ್ತಾಗುತ್ತಿತ್ತು. ಜಾಗಕ್ಕೆ ಹೋಗುವ ದಾರಿ ನಕ್ಷೆಯಲ್ಲಿ ಉಂಟಾ ಎಂದೂ ನೋಡಿ. ಬಾಯಿಮಾತಿನ ದಾರಿ ಜಗಳ ಬಂದ ದಿನ ಮುಚ್ಚುತ್ತದೆ.

ನಮ್ಮ ಜಿಲ್ಲೆಯ ಒಂದು ವಿಶೇಷ 'ಕುಮ್ಕಿ'. ವರ್ಗ ಜಾಗಕ್ಕೆ ತಾಗಿ 100 ಗಜದ ಒಳಗೆ ಇರುವ ಸರಕಾರಿ ಜಾಗ ಅದು. ಸೊಪ್ಪು, ಸೌದೆ ತೆಗೆಯುವ ಅನುಕೂಲ ವರ್ಗದಾರರಿಗೆ ಉಂಟು, ಒಡೆತನ ಇಲ್ಲ. "ಐದು ಸೆಂಟ್ಸ್ ವರ್ಗ, ಜೊತೆಗೆ ಮೂರು ಸೆಂಟ್ಸ್ ಕುಮ್ಕಿ, ಎಂಟಕ್ಕೆ ಕ್ರಯ" ಎಂದರೆ ಆ ಮೂರಕ್ಕೆ ಒಂದು ರೂಪಾಯಿಯೂ ಕೊಡಬೇಡಿ.

ಇನ್ನು ಸಹಿ. ಕುಟುಂಬದ ಜಾಗವಾದರೆ ಎಲ್ಲ ಪಾಲುದಾರರ ಸಹಿ ಬೇಕು, ಹೆಣ್ಣುಮಕ್ಕಳದ್ದೂ ಬೇಕು. ಹಿಂದೂ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಿಂದ ಸಮಾನ ಹಕ್ಕು. ಕ್ರೈಸ್ತರಲ್ಲಿ 1925ರ ಕಾಯ್ದೆಯಂತೆ ಉಯಿಲು ಇಲ್ಲದಿದ್ದರೆ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮಪಾಲು. ಮುಸ್ಲಿಂ ಕುಟುಂಬಗಳಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲು ಉಂಟು. ನಮ್ಮ ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಹಕ್ಕುದಾರರು ಇನ್ನೂ ಹೆಚ್ಚು ಇರಬಹುದು. ವಂಶವೃಕ್ಷ ತೆಗೆಸಿ, ಹೆಸರು ಎಣಿಸಿ, ಸಹಿ ಎಣಿಸಿ.

ಪಾಠ ಆರು: ಕರಾರು ಬೇರೆ, ಕ್ರಯಪತ್ರ ಬೇರೆ

ಛಾಪಾಕಾಗದದಲ್ಲಿ ಬರೆದು ಸಹಿ ಹಾಕಿದ ಮಾತ್ರಕ್ಕೆ ಜಾಗ ನಮ್ಮದಾಗುವುದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗಬೇಕು, ಆಮೇಲೆ ಪಹಣಿ ಅಥವಾ ಖಾತೆ ನಮ್ಮ ಹೆಸರಿಗೆ ಬದಲಾಗಬೇಕು. ಪವರ್ ಆಫ್ ಅಟಾರ್ನಿ ಮಾಡಿಸಿ ಕೊಟ್ಟು "ಇದೇ ಸಾಕು" ಎನ್ನುವವರು ಇದ್ದಾರೆ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಸ್ಪಷ್ಟ ಮಾಡಿದೆ.

ಅಡ್ವಾನ್ಸ್ ಕೊಡುವುದಾದರೆ ಚೆಕ್ಕಿನಲ್ಲಿ ಅಥವಾ ಬ್ಯಾಂಕಿನ ಮೂಲಕವೇ ಕೊಡಿ. ಕರಾರಿನಲ್ಲಿ ಹೀಗೆ ಬರೆಸಿ: "ದಾಖಲೆ ಸರಿಯಿಲ್ಲದಿದ್ದರೆ ಅಥವಾ ಮನೆ ಕಟ್ಟಲು ಅನುಮತಿ ಸಿಗದಿದ್ದರೆ ಇಷ್ಟು ದಿನದೊಳಗೆ ಪೂರ್ತಿ ಹಣ ಹಿಂದೆ ಕೊಡುವುದು." ಈ ಸಾಲು ಬರೆಯಲು ಒಪ್ಪದವರ ಜಾಗ ನಮಗೆ ಬೇಡ. ಸಹಿ ಹಾಕುವ ಮೊದಲು ನಮ್ಮದೇ ವಕೀಲರಿಗೆ ತೋರಿಸಿ, ಮಾರುವವರ ವಕೀಲರಿಗಲ್ಲ.

ಇನ್ನೊಂದು ಸುಲಭದ ಪರೀಕ್ಷೆ: ಕಾಗದಗಳ ಪ್ರತಿ ಹಿಡಿದು ಬ್ಯಾಂಕಿಗೆ ಹೋಗಿ ಈ ಜಾಗಕ್ಕೆ ಸಾಲ ಸಿಗುತ್ತದಾ ಎಂದು ಕೇಳಿ. ನಿಮಗೆ ಸಾಲ ಬೇಡದಿದ್ದರೂ ಕೇಳಿ. ಬ್ಯಾಂಕಿನವರು ತಮ್ಮ ಹಣ ಹಾಕಲು ಹೆದರುವ ಜಾಗಕ್ಕೆ ನಾವು ನಮ್ಮ ಚಿನ್ನ ಹಾಕುವುದು ಯಾಕೆ?

ಪಾಠ ಏಳು: ಪೂರ್ತಿ ಲೆಕ್ಕ ಬರೆಯಿರಿ

ಲೆಕ್ಕಕ್ಕಾಗಿ ಹತ್ತು ಲಕ್ಷದ ಒಂದು ಸೈಟು, ಪುರಸಭೆಯ ಒಳಗೆ ಎಂದು ಇಟ್ಟುಕೊಳ್ಳುವ. ಮುದ್ರಾಂಕ ಶುಲ್ಕ 5 ಶೇಕಡ, ಅಂದರೆ 50,000 ರೂಪಾಯಿ. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ 6,000. ನೋಂದಣಿ ಶುಲ್ಕ ಮೊದಲು 1 ಶೇಕಡ ಇತ್ತು, 2025ರ ಆಗಸ್ಟ್ 31ರಿಂದ 2 ಶೇಕಡ ಆಗಿದೆ, ಅಂದರೆ 20,000. ಒಟ್ಟು 76,000 ರೂಪಾಯಿ. ಕೊಟ್ಟ ಬೆಲೆ ಮತ್ತು ಸರಕಾರದ ಮಾರ್ಗಸೂಚಿ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. ಇದಲ್ಲದೆ ಸರ್ವೆ, ವಕೀಲರು, ಬ್ರೋಕರ್ ಕಮಿಷನ್ ಬೇರೆ.

ಬ್ಯಾಂಕಿನಿಂದ ಹತ್ತು ಲಕ್ಷ ಸಾಲ ತೆಗೆದು, 9 ಶೇಕಡ ಬಡ್ಡಿಗೆ 15 ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,140 ರೂಪಾಯಿ. 15 ವರ್ಷಕ್ಕೆ ಒಟ್ಟು ಕಟ್ಟುವುದು 18 ಲಕ್ಷಕ್ಕೂ ಹೆಚ್ಚು. ಕಂತು ಕಟ್ಟಿಕೊಂಡು ಬಾಡಿಗೆಯನ್ನೂ ಕೊಡುವ ಶಕ್ತಿ ಮನೆ ಕಟ್ಟಿ ಮುಗಿಯುವವರೆಗೆ ನಮಗೆ ಉಂಟಾ ಎಂದು ಮನೆಯವರೆಲ್ಲ ಕೂತು ಯೋಚಿಸಬೇಕು.

ಕಡಲ ಬದಿಯ ಮನೆಗೆ ಇನ್ನೊಂದು ಖರ್ಚು ಉಂಟು: ಉಪ್ಪುಗಾಳಿ. ಕಬ್ಬಿಣದ ಗ್ರಿಲ್, ಗೇಟು, ಫ್ಯಾನು, ಹೊಲಿಗೆ ಯಂತ್ರ, ಎಲ್ಲಕ್ಕೂ ಬೇಗ ತುಕ್ಕು. ಹತ್ತಿರ ಸಿಗುತ್ತದೆ, ಕಡಿಮೆಗೆ ಆಗುತ್ತದೆ ಎಂದು ಕಡಲ ಮರಳನ್ನು ಕಾಂಕ್ರೀಟಿಗೆ ಹಾಕಲೇಬಾರದು. ಅದರ ಉಪ್ಪು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ, ಕೆಲವೇ ವರ್ಷದಲ್ಲಿ ತಾರಸಿ ಉದುರುತ್ತದೆ.

ಪಾಠ ಎಂಟು: ನಿಶ್ಶಬ್ದ ಊರಿನಲ್ಲಿ ಬದುಕುವುದು ಹೇಗೆ?

ಗಲಾಟೆ ಇಲ್ಲದ ಊರು ಎಂದರೆ ಎಲ್ಲರಿಗೂ ಇಷ್ಟ. ಆದರೆ ಯಾಕೆ ಗಲಾಟೆ ಇಲ್ಲ ಎಂದೂ ನೋಡಬೇಕು. ಕೆಲವು ಕಡೆ ಹತ್ತು ಮನೆಯಲ್ಲಿ ಆರು ಮನೆಗೆ ಬೀಗ, ಯಜಮಾನರು ಗಲ್ಫಿನಲ್ಲಿ ಅಥವಾ ಮುಂಬಯಿಯಲ್ಲಿ. ಅಲ್ಲಿ ಹಗಲು ಹೊತ್ತು ಚಂದ. ರಾತ್ರಿ ಮಗುವಿಗೆ ಜ್ವರ ಬಂದರೆ ಯಾರನ್ನು ಕರೆಯುವುದು? ಕೊನೆಯ ಬಸ್ಸು ಎಷ್ಟು ಗಂಟೆಗೆ? ಬಸ್ಸಿನಿಂದ ಇಳಿದು ಮನೆಗೆ ಎಷ್ಟು ದೂರ, ದಾರಿಯಲ್ಲಿ ದೀಪ ಉಂಟಾ? ಮಗಳು ಕಾಲೇಜಿನಿಂದ ಸಂಜೆ ಒಬ್ಬಳೇ ನಡೆದು ಬರಬಹುದಾ? ಆಸ್ಪತ್ರೆ, ರೇಶನ್ ಅಂಗಡಿ, ಅಂಗನವಾಡಿ ಎಲ್ಲಿ? ನಮ್ಮ ದುಡಿಮೆ ಅಲ್ಲಿ ನಡೆಯುತ್ತದಾ? ಬೀಡಿಯ ಬ್ರಾಂಚು ಹತ್ತಿರ ಉಂಟಾ, ಹೊಲಿಗೆಗೆ ಗಿರಾಕಿ ಸಿಗುತ್ತಾರಾ? ಗಂಡಸರು ಜಾಗ ನೋಡಲು ಹೋದಾಗ ಈ ಪ್ರಶ್ನೆಗಳು ಅವರಿಗೆ ನೆನಪಾಗುವುದಿಲ್ಲ. ಅದಕ್ಕೇ ಜಾಗ ನೋಡಲು ನೀವೇ ಹೋಗಬೇಕು.

ನಾವು ಹೋಗುವ ಆ ಊರು ಖಾಲಿ ಊರಲ್ಲ ಎಂಬುದೂ ನೆನಪಿರಲಿ. ಅಲ್ಲಿ ಮೊದಲಿನಿಂದ ಮೀನು ಹಿಡಿದು, ಮೀನು ಮಾರಿ ಬದುಕುವವರು ಇದ್ದಾರೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದೋಣಿಗಳ ಮೀನುಗಾರಿಕೆಗೆ ರಜೆ, ಆಗ ಅವರ ಕೈ ಖಾಲಿ. ದೋಣಿ ಎಳೆಯುವ, ಬಲೆ ಒಣಗಿಸುವ, ಕಡಲಿಗೆ ಇಳಿಯುವ ದಾರಿ ಅವರ ಅನ್ನದ ದಾರಿ. ಹೊಸದಾಗಿ ಬಂದವರು ಕಾಂಪೌಂಡು ಕಟ್ಟಿ ಆ ದಾರಿ ಮುಚ್ಚಿದರೆ ಅದು ನೆರೆಕರೆಯ ಲಕ್ಷಣವಲ್ಲ.

ನಮ್ಮ ಸಂಘಗಳಲ್ಲಿ ಕಡಲ ಬದಿಯ ಸದಸ್ಯೆಯರೂ ಇದ್ದೀರಿ. ನಿಮಗೂ ಒಂದು ಮಾತು. ಹೊರಗಿನವರು ಬಂದು ಸೆಂಟ್ಸಿಗೆ ಇಷ್ಟು ಎಂದು ದೊಡ್ಡ ಮೊತ್ತ ಹೇಳಿದಾಗ ಅವಸರ ಮಾಡಬೇಡಿ. ಮಾರಿದ ಹಣದಲ್ಲಿ ಬೇರೆ ಕಡೆ ಅಷ್ಟೇ ಜಾಗ ಸಿಗುತ್ತದಾ, ಅಲ್ಲಿಂದ ದಿನಾ ಧಕ್ಕೆಗೆ ಬರಲು ಎಷ್ಟು ಬಸ್ಸು ಖರ್ಚು ಎಂದು ಲೆಕ್ಕ ಹಾಕಿ. ಮನೆಯವರು ಎಲ್ಲ ಒಪ್ಪಿದ್ದಾರೆ ಎಂದು ಹೇಳಿ ಓದಿಸದೆ ಸಹಿ ತೆಗೆದುಕೊಳ್ಳಲು ಯಾರಿಗೂ ಬಿಡಬೇಡಿ.

ಕೊನೆಯದಾಗಿ: ಕಾಗದ ಯಾರ ಹೆಸರಿನಲ್ಲಿ?

ಚಿನ್ನ ಯಾರದ್ದು? ಬೀಡಿ ಕಟ್ಟಿದವರು ಯಾರು? ಸಂಘದ ಕಂತು ಕಟ್ಟಿದವರು ಯಾರು? ಆದರೆ ಕ್ರಯಪತ್ರದಲ್ಲಿ ಹೆಸರು ಮಾತ್ರ ಗಂಡನದ್ದು, ಕೆಲವು ಕಡೆ ಗಂಡನ ಅಣ್ಣನದ್ದು. ಇದು ಬದಲಾಗಬೇಕು. ಕಡಿಮೆಯೆಂದರೆ ಜಂಟಿಯಾಗಿ ಇಬ್ಬರ ಹೆಸರೂ ಇರಲಿ. ಇದು ಗಂಡನ ಮೇಲೆ ಸಂಶಯ ಅಲ್ಲ. ನಾಳೆ ಏನಾದರೂ ಆದರೆ ಮಕ್ಕಳನ್ನು ಹಿಡಿದುಕೊಂಡು ಅಂಗಳಕ್ಕೆ ಇಳಿಯುವ ಪರಿಸ್ಥಿತಿ ಯಾವ ಹೆಂಗಸಿಗೂ ಬರಬಾರದು, ಅಷ್ಟೆ.

ಮೇಲೆ ಹೇಳಿದ ಸದಸ್ಯೆ ಮತ್ತೆ ಆರು ವರ್ಷ ದುಡಿದು, ಕಡಲಿನಿಂದ ಎರಡು ಕಿಲೋಮೀಟರ್ ಒಳಗೆ ನಾಲ್ಕು ಸೆಂಟ್ಸ್ ತೆಗೆದುಕೊಂಡರು. ಕ್ರಯ ಸ್ವಲ್ಪ ಹೆಚ್ಚು, ಜಾಗ ಸ್ವಲ್ಪ ಕಡಿಮೆ. ಆದರೆ ಆರು ಕಾಗದವೂ ಸರಿ, ಹೆಸರು ಜಂಟಿ. ರಿಜಿಸ್ಟ್ರೇಶನ್ ಆದ ದಿನ ನನಗೆ ಫೋನ್ ಮಾಡಿ, "ಸಿಸ್ಟರ್, ಕಡಲಿನ ಸ್ವರ ಇಲ್ಲಿ ಕೇಳುವುದಿಲ್ಲ. ಆದರೆ ನಿದ್ದೆ ಚಂದ ಬರುತ್ತದೆ," ಎಂದರು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಜಾಗದ ಅಡ್ವಾನ್ಸ್ ಕೊಟ್ಟು ಹಣ ಕಳೆದುಕೊಂಡವರು ಇದ್ದಾರಾ? ಎಲ್ಲಿ ತಪ್ಪಿತು?

2. ಜಾಗಕ್ಕಾಗಿ ಸಂಘದ ಸಾಲ ಕೇಳಿದಾಗ ಯಾವ ಯಾವ ಕಾಗದ ನೋಡಬೇಕು ಎಂದು ನಮ್ಮ ಸಂಘ ಒಂದು ನಿರ್ಣಯ ಮಾಡಬಹುದಾ?

3. ಕಡಲ ಬದಿಯ ಸದಸ್ಯೆಯರು ಹೇಳಲಿ: ನಿಮ್ಮ ನೆನಪಿನಲ್ಲಿ ಕಡಲು ಎಷ್ಟು ಒಳಗೆ ಬಂದಿದೆ?

ಮುಂದಿನ ಸಭೆಗೆ ಮನೆಗೆಲಸ

ಪ್ರತಿಯೊಬ್ಬರೂ ನೀವು ಈಗ ಇರುವ ಮನೆಯ ಪಹಣಿ ಅಥವಾ ತೆರಿಗೆ ರಶೀದಿಯ ಪ್ರತಿ ತನ್ನಿ. ಬಾಡಿಗೆ ಮನೆಯವರು ಬಾಡಿಗೆ ಕರಾರು ತನ್ನಿ. ಅದರಲ್ಲಿರುವ ಹೆಸರನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಲಿ. ನಿಮ್ಮ ಹೆಸರು ಎಷ್ಟು ಕಾಗದದಲ್ಲಿ ಇದೆ ಎಂದು ಎಣಿಸಿ, ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ನಾನು ಬಂದಾಗ ನೋಡುತ್ತೇನೆ.